ಸೇವೆಗೆ ಬೆಲೆಯಿಲ್ಲ, ಮೈಲಿಗೆ 14 ಸೆಂಟ್: ಸಂಬಳವಿಲ್ಲದ ಪಾದ್ರಿಗಳ ತೆರಿಗೆ ಲೆಕ್ಕ

ಭಾನುವಾರ ಬೆಳಗ್ಗೆ ಚರ್ಚ್‌ನಲ್ಲಿ ಪ್ರಾರ್ಥನೆ. ಮಧ್ಯಾಹ್ನ ಆಸ್ಪತ್ರೆಯಲ್ಲಿರುವ ಸದಸ್ಯರೊಬ್ಬರ ಭೇಟಿ. ವಾರದ ನಡುವೆ ಒಂದು ಅಂತ್ಯಸಂಸ್ಕಾರ, ಶನಿವಾರ ಒಂದು ಮದುವೆ. ಓಡಾಟವೆಲ್ಲ ಸ್ವಂತ ಕಾರಿನಲ್ಲಿ, ಪೆಟ್ರೋಲ್ ಸ್ವಂತ ಜೇಬಿನಿಂದ. ತಿಂಗಳ ಕೊನೆಗೆ ಸಂಬಳ ಮಾತ್ರ ಇಲ್ಲ, ಏಕೆಂದರೆ ಇದು ನೌಕರಿಯಲ್ಲ, ಸೇವೆ.

ಅಮೆರಿಕದ ಸಾವಿರಾರು ಚರ್ಚ್‌ಗಳು ನಡೆಯುತ್ತಿರುವುದು ಇಂತಹ ಸ್ವಯಂಸೇವಕ ಧರ್ಮಸೇವಕರ ಬಲದ ಮೇಲೆ. ಅವರು ಸೇವೆಗಾಗಿ ಮಾಡಿದ, ಯಾರೂ ಮರಳಿ ಕೊಡದ ಖರ್ಚಿಗೆ ತೆರಿಗೆ ವಿನಾಯಿತಿ ಇದೆಯೇ? ಕಾನೂನಿನ ಪುಸ್ತಕದಲ್ಲಿ ಉತ್ತರ ಸ್ಪಷ್ಟ: ಇದೆ. ಆದರೆ ರಿಟರ್ನ್ ತುಂಬಲು ಕುಳಿತಾಗ ಹೆಚ್ಚಿನವರಿಗೆ ಸಿಗುವ ಉತ್ತರ ಬೇರೆ. ಈ ವಿನಾಯಿತಿಯ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅದು ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ತಲುಪುತ್ತಿದೆ ಎಂಬುದು ಗೊತ್ತಾಗುತ್ತದೆ. 2026ರ ತೆರಿಗೆ ವರ್ಷದಿಂದ ಜಾರಿಗೆ ಬಂದಿರುವ ಹೊಸ ನಿಯಮ ಇದನ್ನು ಸ್ವಲ್ಪ ಬದಲಿಸಲಿದೆ. ಎಷ್ಟರ ಮಟ್ಟಿಗೆ ಎಂಬುದೇ ಪ್ರಶ್ನೆ.

ಯಾರು ಈ ಸಂಬಳವಿಲ್ಲದ ಪಾದ್ರಿಗಳು?

ಕ್ಯಾಥೊಲಿಕ್ ಚರ್ಚ್‌ನಲ್ಲಿ 'ಖಾಯಂ ಡೀಕನ್' ಎಂಬ ಸ್ಥಾನವಿದೆ. ಪೋಪ್ ಆರನೇ ಪೌಲ್ 1967ರಲ್ಲಿ ಇದಕ್ಕೆ ಮರುಜೀವ ಕೊಟ್ಟರು. ಮರುವರ್ಷವೇ ಅಮೆರಿಕದ ಬಿಷಪ್‌ಗಳಿಗೆ ಇದನ್ನು ಜಾರಿಗೆ ತರಲು ಅನುಮತಿ ಸಿಕ್ಕಿತು. ಖಾಯಂ ಡೀಕನ್‌ಗಳಲ್ಲಿ ಬಹುತೇಕರು ವಿವಾಹಿತರು, ಬೇರೆ ಕಡೆ ಉದ್ಯೋಗದಲ್ಲಿರುವವರು ಅಥವಾ ನಿವೃತ್ತರು. ಅವರು ದೀಕ್ಷಾಸ್ನಾನ ಕೊಡುತ್ತಾರೆ, ಮದುವೆ ಮಾಡಿಸುತ್ತಾರೆ, ಅಂತ್ಯಕ್ರಿಯೆ ನಡೆಸುತ್ತಾರೆ, ಪ್ರವಚನ ನೀಡುತ್ತಾರೆ. ಬಲಿಪೂಜೆ ಅರ್ಪಿಸುವ ಅಧಿಕಾರ ಮಾತ್ರ ಗುರುಗಳದ್ದು.

ಮಾರ್ಮನ್ ಚರ್ಚ್ ಎಂದೇ ಜನರಿಗೆ ಪರಿಚಿತವಾದ ಪಂಥದಲ್ಲಂತೂ ಸ್ಥಳೀಯ ಸಭೆಯ ಬಿಷಪ್‌ಗೇ ಸಂಬಳವಿಲ್ಲ. ವಾರವಿಡೀ ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿಯುವ ವ್ಯಕ್ತಿಯೇ ಸಂಜೆ ಮತ್ತು ಭಾನುವಾರ ಬಿಷಪ್ ಆಗಿರುತ್ತಾರೆ. ಇವುಗಳಲ್ಲದೆ, ಪೂರ್ಣಾವಧಿ ಪಾದ್ರಿಗೆ ಸಂಬಳ ಕೊಡಲಾಗದ ಸಣ್ಣ ಸಣ್ಣ ಪ್ರೊಟೆಸ್ಟೆಂಟ್ ಸಭೆಗಳು ಹಳ್ಳಿಗಾಡಿನಲ್ಲಿ ಸಾಕಷ್ಟಿವೆ.

ಅಮೆರಿಕದ ತೆರಿಗೆ ಕಾನೂನಿನಲ್ಲಿ 'ಚರ್ಚ್' ಎಂಬ ಪದಕ್ಕೆ ವಿಶಾಲ ಅರ್ಥವಿದೆ. ದೇವಸ್ಥಾನ, ಮಸೀದಿ, ಸಿನಗಾಗ್‌ಗಳೂ ಅದರಡಿ ಬರುತ್ತವೆ. ಹೀಗಾಗಿ ಅಲ್ಲಿನ ದೇವಸ್ಥಾನದಲ್ಲಿ ಸಂಬಳವಿಲ್ಲದೆ ಪೂಜೆ, ಪಾಠ, ಅಡುಗೆ, ಲೆಕ್ಕಪತ್ರ ನೋಡಿಕೊಳ್ಳುವ ಕನ್ನಡಿಗರಿಗೂ ಅನ್ವಯಿಸುವುದು ಇದೇ ನಿಯಮ.

ಕಾನೂನು ಏನನ್ನು ಒಪ್ಪುತ್ತದೆ?

ಮೂಲ ತತ್ವ ಎರಡೇ ಸಾಲಿನದು. ಸೇವೆಗೆ ಕೊಟ್ಟ ಸಮಯಕ್ಕೆ ಬೆಲೆ ಕಟ್ಟುವಂತಿಲ್ಲ. ಆದರೆ ಆ ಸೇವೆ ಸಲ್ಲಿಸಲು ಕೈಯಿಂದ ಹಾಕಿದ, ಮರಳಿ ಬಾರದ ಹಣವನ್ನು ದಾನ ಎಂದು ಪರಿಗಣಿಸಬಹುದು.

ಎಂದರೆ, ಗಂಟೆಗೆ 200 ಡಾಲರ್ ಶುಲ್ಕ ಪಡೆಯುವ ವಕೀಲರೊಬ್ಬರು ಭಾನುವಾರ ಡೀಕನ್ ಆಗಿ ಐದು ಗಂಟೆ ದುಡಿದರೆ 1,000 ಡಾಲರ್ ದಾನ ಕೊಟ್ಟಂತೆ ಆಗುವುದಿಲ್ಲ. ಆದರೆ ಅವರು ಕೊಂಡ ಪೂಜಾವಸ್ತ್ರ, ಧಾರ್ಮಿಕ ಪುಸ್ತಕಗಳು ಮತ್ತು ಪ್ರಯಾಣದ ವೆಚ್ಚ ಲೆಕ್ಕಕ್ಕೆ ಬರುತ್ತವೆ. ತೆರಿಗೆ ಇಲಾಖೆ ಐಆರ್‌ಎಸ್ ದಾನದ ಕುರಿತು ಪ್ರಕಟಿಸುವ ಕೈಪಿಡಿಯಲ್ಲಿ ಖಾಯಂ ಡೀಕನ್‌ಗಳ ಈ ಮೂರೂ ಖರ್ಚನ್ನು ಹೆಸರಿಸಿಯೇ ಒಪ್ಪಿಕೊಳ್ಳಲಾಗಿದೆ. ತರಬೇತಿಯ ಹಂತದಲ್ಲಿರುವ ಅಭ್ಯರ್ಥಿಗೂ ಇದು ಅನ್ವಯಿಸುತ್ತದೆ.

ಒಪ್ಪದ ಪಟ್ಟಿಯೂ ಇದೆ. ಸೇವೆಗೆ ಹೋಗುವಾಗ ಮಗುವನ್ನು ನೋಡಿಕೊಳ್ಳಲು ಆಯಾಗೆ ಕೊಟ್ಟ ಹಣ ಇದರಲ್ಲಿ ಸೇರುವುದಿಲ್ಲ. ರಾತ್ರಿ ಹೊರಗೆ ತಂಗುವ ಪ್ರವಾಸವಲ್ಲದಿದ್ದರೆ ಸ್ವಂತ ಊಟದ ಖರ್ಚೂ ಇಲ್ಲ. ದಿನನಿತ್ಯ ಧರಿಸಬಹುದಾದ ಕೋಟು, ಶರ್ಟುಗಳು ಪೂಜಾವಸ್ತ್ರವಾಗುವುದಿಲ್ಲ. ಸಮ್ಮೇಳನದ ಹೆಸರಿನಲ್ಲಿ ಮೋಜಿನ ಪ್ರವಾಸ ಮಾಡಿ ಬಂದರೆ ವಿನಾಯಿತಿ ಇಲ್ಲ.

1998ರಲ್ಲೇ ನಿಂತ ಮೀಟರ್

ಇಂತಹ ಸೇವೆಯಲ್ಲಿ ದೊಡ್ಡ ಖರ್ಚು ಓಡಾಟದ್ದು. ಸಂಬಳವಿಲ್ಲದ ಪಾದ್ರಿಗೆ ಇಲ್ಲಿ ಎರಡು ದಾರಿಗಳಿವೆ. ಒಂದು, ಪೆಟ್ರೋಲ್ ಮತ್ತು ಆಯಿಲ್‌ನ ನಿಜವಾದ ಬಿಲ್ ತೋರಿಸುವುದು. ಇನ್ನೊಂದು, ಮೈಲಿಗೆ 14 ಸೆಂಟ್‌ನಂತೆ ಲೆಕ್ಕ ಹಾಕುವುದು. ಪಾರ್ಕಿಂಗ್ ಮತ್ತು ಟೋಲ್ ಶುಲ್ಕವನ್ನು ಎರಡರಲ್ಲೂ ಪ್ರತ್ಯೇಕವಾಗಿ ಸೇರಿಸಬಹುದು. ಕಾರಿನ ರಿಪೇರಿ, ಟಯರ್, ವಿಮೆ, ಸವಕಳಿ ಯಾವುದಕ್ಕೂ ಅವಕಾಶವಿಲ್ಲ.

ಈ 14 ಸೆಂಟ್ ಎಂಬ ದರ 1997ರಲ್ಲಿ ಅಂಗೀಕಾರವಾದ ಕಾನೂನಿನಿಂದ ಬಂದು, 1998ರಿಂದ ಜಾರಿಯಲ್ಲಿದೆ. ಆಗ ವ್ಯವಹಾರಕ್ಕಾಗಿ ಕಾರು ಓಡಿಸುವವರಿಗಿದ್ದ ದರ ಮೈಲಿಗೆ 32.5 ಸೆಂಟ್. 2025ಕ್ಕೆ ಬರುವಷ್ಟರಲ್ಲಿ ಅದು 70 ಸೆಂಟ್ ಆಯಿತು. ವೈದ್ಯಕೀಯ ಕಾರಣಕ್ಕೆ ಮಾಡುವ ಪ್ರಯಾಣದ ದರ ಅದೇ ವರ್ಷ 21 ಸೆಂಟ್. ದಾನ-ಸೇವೆಯ ದರ ಮಾತ್ರ 14ರಿಂದ ಅಲುಗಾಡಿಲ್ಲ.

ಇದಕ್ಕೆ ಕಾರಣ ಸರಳ. ವ್ಯವಹಾರ ಮತ್ತು ವೈದ್ಯಕೀಯ ದರಗಳನ್ನು ಐಆರ್‌ಎಸ್ ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ಸೇವೆಯ ದರವನ್ನು ಸಂಸತ್ತು ಕಾನೂನಿನಲ್ಲೇ ಅಂಕಿಯಾಗಿ ಬರೆದಿಟ್ಟಿದೆ. ಅದನ್ನು ಬದಲಿಸಲು ಕಾನೂನನ್ನೇ ತಿದ್ದಬೇಕು. ಬೆಲೆಯೇರಿಕೆಗೆ ತಕ್ಕಂತೆ ಹೊಂದಿಸಿದ್ದರೆ ಇಂದು ಈ ದರ ಸುಮಾರು ದುಪ್ಪಟ್ಟು ಇರಬೇಕಿತ್ತು. ತಿದ್ದುಪಡಿ ಮಸೂದೆಗಳು ಹಲವು ಬಾರಿ ಮಂಡನೆಯಾಗಿವೆ, ಆದರೆ ಕಾನೂನಾಗಿಲ್ಲ.

ಮನಸ್ಸು ಮಾಡಿದರೆ ಸಂಸತ್ತಿಗೆ ಇದು ಸಾಧ್ಯವಿಲ್ಲ ಎಂದೇನೂ ಅಲ್ಲ. 2005ರಲ್ಲಿ ಕತ್ರೀನಾ ಚಂಡಮಾರುತ ಅಪ್ಪಳಿಸಿದಾಗ, ಪರಿಹಾರ ಕಾರ್ಯಕ್ಕೆ ಕಾರು ಓಡಿಸಿದ ಸ್ವಯಂಸೇವಕರಿಗೆ ವ್ಯವಹಾರ ದರದ ಶೇ 70ರಷ್ಟನ್ನು ತಾತ್ಕಾಲಿಕವಾಗಿ ನೀಡಲಾಗಿತ್ತು. 2006ರ ಕೊನೆಗೆ ಅದು ಮುಗಿಯಿತು. ಮೀಟರ್ ಮತ್ತೆ 14ಕ್ಕೆ ಬಂದು ನಿಂತಿತು.

ವಾರಕ್ಕೆ 100 ಮೈಲಿಯಂತೆ ವರ್ಷದ 50 ವಾರ ಓಡಾಡುವ ಡೀಕನ್ ಒಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಒಟ್ಟು 5,000 ಮೈಲಿ. 14 ಸೆಂಟ್‌ನಂತೆ 700 ಡಾಲರ್. ಗ್ಯಾಲನ್‌ಗೆ 25 ಮೈಲಿ ಓಡುವ ಕಾರು, ಗ್ಯಾಲನ್‌ಗೆ 3 ಡಾಲರ್ ಬೆಲೆ ಎಂದುಕೊಂಡರೆ ಪೆಟ್ರೋಲ್‌ಗೇ 600 ಡಾಲರ್ ಹೋಗುತ್ತದೆ. ಉಳಿಯುವ 100 ಡಾಲರ್‌ನಲ್ಲಿ ಟಯರ್, ವಿಮೆ, ಸವಕಳಿ ಎಲ್ಲವೂ ನಡೆಯಬೇಕು. ಅದೇ ದೂರವನ್ನು ಸ್ವಂತ ವ್ಯಾಪಾರಕ್ಕಾಗಿ ಓಡಿಸಿದವರು 2025ರ ದರದಲ್ಲಿ 3,500 ಡಾಲರ್ ತೋರಿಸಬಹುದು.

ಇಲ್ಲಿ ಇನ್ನೊಂದು ತೊಡಕೂ ಇದೆ. 'ಪಾಪ, ಇವರಿಗೆ ಕೈಯಿಂದ ಹೋಗುವುದು ಬೇಡ' ಎಂದು ಚರ್ಚ್ ತಾನೇ ಮೈಲಿ ಲೆಕ್ಕದಲ್ಲಿ ವ್ಯವಹಾರ ದರ ಕೊಟ್ಟರೆ, 14 ಸೆಂಟ್‌ಗಿಂತ ಹೆಚ್ಚಿನ ಭಾಗ ಸ್ವಯಂಸೇವಕರ ಆದಾಯ ಎನಿಸಿಕೊಂಡು ತೆರಿಗೆಗೆ ಒಳಪಡುತ್ತದೆ.

ಸಂಬಳದ ಪಾದ್ರಿಗೆ ಇಲ್ಲದ ಹಕ್ಕು

ಹಾಗಾದರೆ ಸಂಬಳ ಪಡೆಯುವ ಪಾದ್ರಿಗಳ ಸ್ಥಿತಿ ಇದಕ್ಕಿಂತ ಉತ್ತಮವೇ? ಎಲ್ಲ ವಿಷಯದಲ್ಲೂ ಅಲ್ಲ. 2017ರವರೆಗೆ ನೌಕರರು ಉದ್ಯೋಗಕ್ಕಾಗಿ ಸ್ವಂತ ಹಣ ಖರ್ಚು ಮಾಡಿದ್ದರೆ, ಒಟ್ಟು ಆದಾಯದ ಶೇ 2ಕ್ಕಿಂತ ಹೆಚ್ಚಿನ ಭಾಗಕ್ಕೆ ವಿನಾಯಿತಿ ಕೇಳಬಹುದಿತ್ತು. 2017ರ ತೆರಿಗೆ ಸುಧಾರಣೆ ಇದನ್ನು 2018ರಿಂದ 2025ರವರೆಗೆ ತಡೆಹಿಡಿಯಿತು. 2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾನೂನು ಆ ತಡೆಯನ್ನು ಖಾಯಂಗೊಳಿಸಿತು. ಹೀಗಾಗಿ ಚರ್ಚ್‌ನ ಸಂಬಳದ ಪಟ್ಟಿಯಲ್ಲಿರುವ ಪಾದ್ರಿ ತನ್ನ ಕಾರಿನ ಖರ್ಚನ್ನು ಚರ್ಚ್‌ನಿಂದಲೇ ಮರಳಿ ಪಡೆಯಬೇಕು. ಇಲ್ಲದಿದ್ದರೆ ಅದು ಹೋದಂತೆಯೇ.

ಸ್ವಯಂಸೇವಕರ ಖರ್ಚು ಬರುವುದು ನೌಕರಿಯ ಅಡಿಯಲ್ಲಲ್ಲ, ದಾನದ ಅಡಿಯಲ್ಲಿ. ಆದ್ದರಿಂದ ಅದು ಈ ಕತ್ತರಿಯಿಂದ ಪಾರಾಗಿದೆ. ಕಾಗದದ ಮೇಲೆ ಸಂಬಳವಿಲ್ಲದವರ ಕೈ ಮೇಲು. ಆದರೆ ಸಂಬಳದ ಪಾದ್ರಿಗಳಿಗೆ ಮನೆ ಭತ್ಯೆಯ ಮೇಲೆ ಆದಾಯ ತೆರಿಗೆ ಇಲ್ಲದಿರುವಂತಹ ಬೇರೆ ಸೌಲಭ್ಯಗಳಿವೆ. ಸಂಬಳವೇ ಇಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ.

ನಿಜವಾದ ಗೋಡೆ ಯಾವುದು?

ಅಮೆರಿಕದಲ್ಲಿ ತೆರಿಗೆದಾರರಿಗೆ ಎರಡು ಆಯ್ಕೆ. ಎಲ್ಲರಿಗೂ ಸಿಗುವ ನಿಗದಿತ ಮೊತ್ತದ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳಬಹುದು. ಇಲ್ಲವೇ ಗೃಹಸಾಲದ ಬಡ್ಡಿ, ರಾಜ್ಯದ ತೆರಿಗೆ, ದಾನ ಎಂದು ಒಂದೊಂದನ್ನೂ ಪಟ್ಟಿ ಮಾಡಿ ತೋರಿಸಬಹುದು. ದಾನಕ್ಕೆ ವಿನಾಯಿತಿ ಸಿಗುತ್ತಿದ್ದುದು ಸಾಮಾನ್ಯವಾಗಿ ಎರಡನೇ ದಾರಿ ಹಿಡಿದವರಿಗೆ ಮಾತ್ರ.

2017ರಲ್ಲಿ ದಂಪತಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 12,700 ಡಾಲರ್ ಇತ್ತು. 2018ರಲ್ಲಿ ಅದು 24,000ಕ್ಕೆ ಏರಿತು. 2025ಕ್ಕೆ 31,500 ಡಾಲರ್. ಇದು ಕೆಟ್ಟ ಸುದ್ದಿಯಲ್ಲ, ಕೋಟ್ಯಂತರ ಜನರ ತೆರಿಗೆ ಲೆಕ್ಕ ಇದರಿಂದ ಸುಲಭವಾಯಿತು. ಆದರೆ ಪಟ್ಟಿ ಮಾಡಿ ತೋರಿಸುವವರ ಪ್ರಮಾಣ ಹತ್ತರಲ್ಲಿ ಮೂವರಿದ್ದದ್ದು ಸುಮಾರು ಒಬ್ಬರಿಗೆ ಇಳಿಯಿತು.

ಮೇಲೆ ಹೇಳಿದ ಡೀಕನ್ ದಂಪತಿಯ ಬಡ್ಡಿ, ತೆರಿಗೆ, ದಾನ, ಸೇವೆಯ ಖರ್ಚು ಎಲ್ಲ ಸೇರಿ ವರ್ಷಕ್ಕೆ 14,000 ಡಾಲರ್ ಎಂದುಕೊಳ್ಳಿ. 2017ರಲ್ಲಿ ಪಟ್ಟಿ ಮಾಡಿದ್ದರೆ ಅವರಿಗೆ ಲಾಭವಿತ್ತು. 2025ರಲ್ಲಿ 31,500ರ ಮುಂದೆ 14,000ಕ್ಕೆ ಅರ್ಥವೇ ಇಲ್ಲ. ಅವರು ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆದು ಸುಮ್ಮನಾಗುತ್ತಾರೆ. ಕಾರು ಓಡಿದ್ದು ಅಷ್ಟೇ ದೂರ, ಪುಸ್ತಕ ಕೊಂಡದ್ದು ಅಷ್ಟೇ ದುಡ್ಡಿಗೆ. ಆದರೆ ಆ ಖರ್ಚಿನಿಂದ ತೆರಿಗೆಯಲ್ಲಿ ಒಂದು ಸೆಂಟ್ ಕೂಡ ಕಡಿಮೆಯಾಗುವುದಿಲ್ಲ.

ಅದೇ ಚರ್ಚ್‌ನಲ್ಲಿ ಡೀಕನ್ ಆಗಿರುವ, ದೊಡ್ಡ ಗೃಹಸಾಲವಿರುವ ಶ್ರೀಮಂತ ಉದ್ಯಮಿಗೆ ಮಾತ್ರ ಪ್ರತಿ ಮೈಲಿಯೂ ಲೆಕ್ಕಕ್ಕೆ ಬರುತ್ತದೆ. ಅಷ್ಟೇ ಅಲ್ಲ, ವಿನಾಯಿತಿ ಕಡಿಮೆ ಮಾಡುವುದು ತೆರಿಗೆ ಬೀಳುವ ಆದಾಯವನ್ನು, ತೆರಿಗೆಯನ್ನಲ್ಲ. ಆದ್ದರಿಂದ ಶೇ 12ರ ಹಂತದಲ್ಲಿರುವವರಿಗೆ 700 ಡಾಲರ್‌ನಿಂದ ಹೆಚ್ಚೆಂದರೆ 84 ಡಾಲರ್ ಉಳಿದರೆ, ಶೇ 32ರ ಹಂತದವರಿಗೆ 224 ಡಾಲರ್ ಉಳಿಯುತ್ತದೆ. ಸೇವೆ ಒಂದೇ, ಖರ್ಚೂ ಒಂದೇ, ಸಿಗುವುದು ಮಾತ್ರ ಬೇರೆ.

2026ರಲ್ಲಿ ತೆರೆದ ಬಾಗಿಲು

2025ರ ಕಾನೂನು ಇಲ್ಲಿ ಒಂದು ಬದಲಾವಣೆ ತಂದಿದೆ. 2026ರ ತೆರಿಗೆ ವರ್ಷದಿಂದ, ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವವರೂ ನಗದು ರೂಪದ ದಾನಕ್ಕೆ ಒಬ್ಬರಿಗೆ 1,000, ದಂಪತಿಗೆ 2,000 ಡಾಲರ್‌ವರೆಗೆ ಹೆಚ್ಚುವರಿ ವಿನಾಯಿತಿ ಪಡೆಯಬಹುದು. 2027ರಲ್ಲಿ ಸಲ್ಲಿಸುವ ರಿಟರ್ನ್‌ನಲ್ಲಿ ಇದು ಮೊದಲ ಬಾರಿಗೆ ಕಾಣಿಸಲಿದೆ.

'ನಗದು' ಎಂದರೆ ಪೆಟ್ರೋಲ್ ಬಿಲ್ಲೂ ಸೇರುತ್ತದೆಯೇ? ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಇಂತಹದ್ದೇ ಚಿಕ್ಕ ವಿನಾಯಿತಿ ಇತ್ತು. ಆಗ ಐಆರ್‌ಎಸ್, ಸ್ವಯಂಸೇವೆಗಾಗಿ ಕೈಯಿಂದ ಮಾಡಿದ ಖರ್ಚನ್ನೂ ನಗದು ದಾನ ಎಂದೇ ಪರಿಗಣಿಸಿತ್ತು. ಅದೇ ವ್ಯಾಖ್ಯಾನ ಮುಂದುವರಿದರೆ, ಸಾಧಾರಣ ಆದಾಯದ ಸಂಬಳವಿಲ್ಲದ ಪಾದ್ರಿಗಳ ಲೆಕ್ಕವೂ ಮತ್ತೆ ರಿಟರ್ನ್‌ನಲ್ಲಿ ಮೂಡಲಿದೆ.

ಆದರೆ ಇಲ್ಲೊಂದು ಮಿತಿಯಿದೆ. ಚರ್ಚ್‌ನ ಸೇವೆಗೆ ಸಮಯ ಕೊಡುವವರು ಸಾಮಾನ್ಯವಾಗಿ ಕಾಣಿಕೆಯನ್ನೂ ಕೊಡುವವರು. ಆದಾಯದ ಹತ್ತರಲ್ಲೊಂದು ಭಾಗ ಕೊಡುವ ಪದ್ಧತಿ ಹಲವು ಪಂಥಗಳಲ್ಲಿದೆ. ವರ್ಷಕ್ಕೆ 3,000 ಡಾಲರ್ ಚೆಕ್ ಬರೆಯುವ ದಂಪತಿಯ 2,000ದ ಮಿತಿ ಕಾಣಿಕೆಯಲ್ಲೇ ತುಂಬಿಹೋಗುತ್ತದೆ. ಅದರ ಮೇಲಿನ ಪೆಟ್ರೋಲ್, ಪುಸ್ತಕ, ಪೂಜಾವಸ್ತ್ರದ ಖರ್ಚಿಗೆ ಜಾಗ ಉಳಿಯುವುದಿಲ್ಲ.

ಇತ್ತ ಪಟ್ಟಿ ಮಾಡಿ ತೋರಿಸುವವರಿಗೂ ಹೊಸ ಕತ್ತರಿ ಬಿದ್ದಿದೆ. 2026ರಿಂದ ಒಟ್ಟು ಆದಾಯದ ಶೇ 0.5ಕ್ಕಿಂತ ಹೆಚ್ಚಿನ ದಾನ ಮಾತ್ರ ಲೆಕ್ಕಕ್ಕೆ ಬರುತ್ತದೆ. 1 ಲಕ್ಷ ಡಾಲರ್ ಆದಾಯವಿದ್ದರೆ ಮೊದಲ 500 ಡಾಲರ್ ದಾನಕ್ಕೆ ವಿನಾಯಿತಿ ಇಲ್ಲ.

ಚೀಟಿ ಇಲ್ಲದಿದ್ದರೆ ದಾನವೂ ಇಲ್ಲ

ವಿನಾಯಿತಿಗೆ ಅರ್ಹತೆ ಇದ್ದರಷ್ಟೇ ಸಾಲದು, ದಾಖಲೆಯೂ ಬೇಕು. ಎರಡು ಪ್ರಕರಣಗಳು ಇದನ್ನು ಚೆನ್ನಾಗಿ ತೋರಿಸುತ್ತವೆ.

ಮೊದಲನೆಯದು 1990ರ ಡೇವಿಸ್ ಪ್ರಕರಣ. ಮಾರ್ಮನ್ ಪಂಥದ ದಂಪತಿ, ಧರ್ಮಪ್ರಚಾರಕ್ಕೆ ಹೋಗಿದ್ದ ತಮ್ಮ ಇಬ್ಬರು ಗಂಡುಮಕ್ಕಳ ಖರ್ಚಿಗಾಗಿ ಅವರ ವೈಯಕ್ತಿಕ ಬ್ಯಾಂಕ್ ಖಾತೆಗಳಿಗೆ ಹಣ ಹಾಕಿ, ಅದನ್ನು ದಾನ ಎಂದು ತೋರಿಸಿದ್ದರು. ಸುಪ್ರೀಂ ಕೋರ್ಟ್ ಒಮ್ಮತದಿಂದ ಇದನ್ನು ತಳ್ಳಿಹಾಕಿತು. ಹಣ ಚರ್ಚ್‌ನ ಹತೋಟಿಗೆ ಹೋಗಿರಲಿಲ್ಲ. ಸೇವೆಯ ಖರ್ಚಿನ ನಿಯಮವಾದರೂ ಅನ್ವಯಿಸುವುದು ಸೇವೆ ಮಾಡಿದವರ ಸ್ವಂತ ಖರ್ಚಿಗೆ, ಬೇರೊಬ್ಬರ ಸೇವೆಗೆ ಕೊಟ್ಟ ಹಣಕ್ಕಲ್ಲ ಎಂದಿತು. ತೀರ್ಪಿನ ಬಳಿಕ ಚರ್ಚ್ ತನ್ನ ಪದ್ಧತಿಯನ್ನೇ ಬದಲಿಸಿತು. ಕುಟುಂಬಗಳು ಹಣವನ್ನು ಚರ್ಚ್‌ನ ನಿಧಿಗೆ ಕೊಡುವ, ನಿಧಿಯಿಂದ ಪ್ರಚಾರಕರಿಗೆ ಖರ್ಚು ಸಲ್ಲುವ ವ್ಯವಸ್ಥೆ ಬಂತು.

ಎರಡನೆಯದು 2011ರ ವ್ಯಾನ್ ಡ್ಯೂಸೆನ್ ಪ್ರಕರಣ. ಇದು ಚರ್ಚ್‌ಗೆ ಸಂಬಂಧಿಸಿದ್ದಲ್ಲ, ಬೆಕ್ಕುಗಳಿಗೆ ಸಂಬಂಧಿಸಿದ್ದು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನ ಮಹಿಳೆಯೊಬ್ಬರು ಪ್ರಾಣಿ ಕಲ್ಯಾಣ ಸಂಸ್ಥೆಯೊಂದರ ಸ್ವಯಂಸೇವಕಿಯಾಗಿ ಬೀದಿ ಬೆಕ್ಕುಗಳನ್ನು ಮನೆಯಲ್ಲಿಟ್ಟು ಸಾಕಿದ್ದರು. ಆಹಾರ, ಔಷಧ, ಸ್ವಚ್ಛತೆಯ ಖರ್ಚನ್ನು ಐಆರ್‌ಎಸ್ ಒಪ್ಪಲಿಲ್ಲ. ಆದರೆ ತೆರಿಗೆ ನ್ಯಾಯಾಲಯ ಬಹುಪಾಲು ಖರ್ಚನ್ನು ಸೇವೆಯ ಖರ್ಚೆಂದು ಒಪ್ಪಿತು. 250 ಡಾಲರ್ ಅಥವಾ ಅದಕ್ಕಿಂತ ದೊಡ್ಡ ಖರ್ಚುಗಳಿಗೆ ಮಾತ್ರ ಅವಕಾಶ ಸಿಗಲಿಲ್ಲ. ಕಾರಣ, ಅವುಗಳಿಗೆ ಸಂಸ್ಥೆಯ ಪತ್ರ ಇರಲಿಲ್ಲ.

ಪಾದ್ರಿಗಳಿಗೂ ಇದೇ ಪಾಠ. ದಿನಾಂಕ, ದೂರ, ಕಾರಣ ಬರೆದಿಟ್ಟ ಡೈರಿ ಬೇಕು. ಬಿಲ್‌ಗಳು ಬೇಕು. ಒಂದೇ ಖರ್ಚು 250 ಡಾಲರ್ ಮುಟ್ಟಿದರೆ, ಏನು ಸೇವೆ ಮಾಡಿದರು, ಪ್ರತಿಯಾಗಿ ಏನಾದರೂ ಪಡೆದರೇ ಎಂದು ತಿಳಿಸುವ ಚರ್ಚ್‌ನ ಪತ್ರ ರಿಟರ್ನ್ ಸಲ್ಲಿಸುವ ಮುನ್ನವೇ ಕೈಯಲ್ಲಿರಬೇಕು. ಕಚೇರಿ ಸಿಬ್ಬಂದಿ ಇರುವ ದೊಡ್ಡ ಚರ್ಚ್‌ಗೆ ಇದು ಹತ್ತು ನಿಮಿಷದ ಕೆಲಸ. ಪಾದ್ರಿಯೇ ಗುಮಾಸ್ತನೂ ಆಗಿರುವ ಸಣ್ಣ ಸಭೆಯಲ್ಲಿ ಆ ಪತ್ರ ಬರೆಯುವವರು ಯಾರು?

ಸರ್ಕಾರ ಏಕೆ ಭರಿಸಬೇಕು?

ಇದಕ್ಕೆ ವಿರುದ್ಧ ವಾದವೂ ಇದೆ, ಅದು ಹಗುರವಾದದ್ದಲ್ಲ. ಯಾರು ಎಲ್ಲಿಗೆ ಕಾರು ಓಡಿಸಿದರು ಎಂಬುದನ್ನು ಸರ್ಕಾರ ಪರಿಶೀಲಿಸುವುದು ಕಷ್ಟ. ದರ ಏರಿಸಿದಷ್ಟೂ ಸುಳ್ಳು ಮೈಲಿಗಳ ಆಮಿಷ ಹೆಚ್ಚುತ್ತದೆ. ಬೊಕ್ಕಸಕ್ಕೆ ಕಡಿಮೆಯಾಗುವ ತೆರಿಗೆಯನ್ನು ಚರ್ಚ್‌ಗೆ ಕಾಲಿಡದವರೂ ಸೇರಿ ತುಂಬಬೇಕು. ಸೇವೆ ಎಂದ ಮೇಲೆ ಲಾಭದ ಲೆಕ್ಕವೇಕೆ ಎಂದು ಕೇಳುವವರು ಪಂಥಗಳ ಒಳಗೇ ಇದ್ದಾರೆ.

ಆದರೆ ಈ ವಾದ ಚೆಕ್ ಬರೆಯುವವರಿಗೂ ಅನ್ವಯಿಸಬೇಕಲ್ಲ? 700 ಡಾಲರ್ ಚೆಕ್ ಕೊಟ್ಟವರ ದಾನವನ್ನು ಕಾನೂನು ಪೂರ್ತಿ ಒಪ್ಪುತ್ತದೆ. ಆಸ್ಪತ್ರೆ, ಜೈಲು, ಸ್ಮಶಾನ ಎಂದು ಓಡಾಡಿ ಕಾರು ಸವೆಸಿದವರ ಖರ್ಚಿಗೆ ಮಾತ್ರ 1998ರ ಬೆಲೆ. ದಾನಕ್ಕೆ ವಿನಾಯಿತಿ ಇರಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಇರುವುದಾದರೆ ಹಣದ ದಾನಕ್ಕೂ ಓಡಾಟದ ದಾನಕ್ಕೂ ಒಂದೇ ತಕ್ಕಡಿ ಇರಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಭಾರತದಲ್ಲಿ ಹೇಗೆ?

ಭಾರತದಲ್ಲಿ ಈ ಪ್ರಶ್ನೆ ಹುಟ್ಟುವುದೇ ಅಪರೂಪ. 2023-24ರಿಂದ ಎಲ್ಲರಿಗೂ ಮೊದಲ ಆಯ್ಕೆಯಾಗಿರುವ ಹೊಸ ತೆರಿಗೆ ಪದ್ಧತಿಯಲ್ಲಿ 80ಜಿ ಅಡಿಯ ದಾನದ ವಿನಾಯಿತಿಯೇ ಇಲ್ಲ. ಹಳೆ ಪದ್ಧತಿ ಆಯ್ದುಕೊಂಡರೂ ಅದು ಹಣದ ದಾನಕ್ಕೆ ಮಾತ್ರ. 2,000 ರೂಪಾಯಿ ಮೀರಿದರೆ ನೋಟುಗಳಲ್ಲಿ ಕೊಟ್ಟ ದಾನವೂ ನಡೆಯದು. ಸೇವೆಗೆ ಸುಟ್ಟ ಪೆಟ್ರೋಲ್‌ಗೆ ಅಲ್ಲಿ ಕಾಲಂ ಇಲ್ಲ.

ಇನ್ನೂ ದೊಡ್ಡ ವ್ಯತ್ಯಾಸವಿದೆ. ಅಮೆರಿಕದಲ್ಲಿ ಧರ್ಮವೂ ದಾನಕ್ಕೆ ಅರ್ಹ ಉದ್ದೇಶ. ಭಾರತದ 80ಜಿ ಪೂರ್ತಿಯಾಗಿ ಅಥವಾ ಬಹುಪಾಲು ಧಾರ್ಮಿಕವಾದ ಉದ್ದೇಶವನ್ನು ಹೊರಗಿಡುತ್ತದೆ. ಐತಿಹಾಸಿಕ ಮಹತ್ವದವು ಎಂದು ಸರ್ಕಾರ ಅಧಿಸೂಚನೆ ಹೊರಡಿಸಿದ ದೇವಸ್ಥಾನ, ಮಸೀದಿ, ಗುರುದ್ವಾರ, ಚರ್ಚ್‌ಗಳ ಜೀರ್ಣೋದ್ಧಾರಕ್ಕೆ ಕೊಟ್ಟ ಹಣ ಇದಕ್ಕೆ ಅಪವಾದ. ಮುಂಬೈ, ಪುಣೆಯಲ್ಲಿ ದೇವಸ್ಥಾನದ ಟ್ರಸ್ಟಿಗೋ ಚರ್ಚ್‌ನ ಸಮಿತಿಗೋ ದುಡಿಯುವವರಿಗೆ ಇರುವ ದಾರಿ ಒಂದೇ: ಖರ್ಚಿನ ಬಿಲ್ ಕೊಟ್ಟು ಸಂಸ್ಥೆಯಿಂದಲೇ ಹಣ ಮರಳಿ ಪಡೆಯುವುದು.

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು, ಬಂಧುಗಳು ಅಲ್ಲಿನ ದೇವಸ್ಥಾನ ಅಥವಾ ಚರ್ಚ್‌ನಲ್ಲಿ ಸೇವೆ ಮಾಡುತ್ತಿದ್ದರೆ ಮಾತ್ರ ಈ ವರ್ಷ ಒಂದು ಡೈರಿ ಇಟ್ಟುಕೊಳ್ಳಲು ಹೇಳುವುದು ಒಳ್ಳೆಯದು. 2026ರ ಹೊಸ ವಿನಾಯಿತಿಯಲ್ಲಿ ಅವರ ಪೆಟ್ರೋಲ್‌ಗೆ ಜಾಗ ಸಿಗಬಹುದು.

ಅದು ಸಿಕ್ಕರೂ ಮೈಲಿಗೆ ಬರುವುದು 14 ಸೆಂಟ್, ಅಂದರೆ ಕಿಲೋಮೀಟರ್‌ಗೆ ಎಂಟು ರೂಪಾಯಿ ಆಸುಪಾಸು. ಸಂಸತ್ತು ಆ ಒಂದು ಅಂಕಿಯನ್ನು ತಿದ್ದುವವರೆಗೆ, ಸಂಬಳವಿಲ್ಲದ ಪಾದ್ರಿಗಳು ಇಂದಿನ ಬೆಲೆಗೆ ಪೆಟ್ರೋಲ್ ಹಾಕಿಸಿ 1998ರ ದರದಲ್ಲಿ ಲೆಕ್ಕ ಬರೆಯುತ್ತಲೇ ಇರಬೇಕಾಗುತ್ತದೆ.